ದಪ್ಪಕ್ಷರದ ಹಾದಿ: ಆಪಿಯಾದಿಂದ ಗಾಂಧಿನಗರಕ್ಕೆ



ಕಳೆದ ರಾಜ್ಯೋತ್ಸವಕ್ಕೆ ವೇದಿಕೆಯ ಬ್ಯಾನರ್ ಮಾಡಿಸುವ ಕೆಲಸ ನನ್ನ ತಲೆಗೆ ಬಂತು. 'ನೀವು ಕಂಪ್ಯೂಟರಿನವರಲ್ವಾ, ನೀವೇ ನೋಡ್ಕೊಳ್ಳಿ' ಎಂದುಬಿಟ್ಟರೆ ನಮ್ಮ ಬಳಗದಲ್ಲಿ ಅದಕ್ಕೆ ಮೇಲ್ಮನವಿ ಇಲ್ಲ. ಇಲ್ಲೇ ಪೊರಿರುವಾದ ಒಂದು ಮುದ್ರಣದಂಗಡಿಗೆ ಬೇಕಾದ ಸಾಲುಗಳನ್ನು ಇ-ಮೇಲಿನಲ್ಲಿ ಕಳಿಸಿ ನಿಶ್ಚಿಂತನಾದೆ. ಶುಕ್ರವಾರ ಸಂಜೆ ಹೋಗಿ ಸುರುಳಿ ಬಿಡಿಸಿ ನೋಡಿದರೆ, ಹನ್ನೆರಡು ಅಡಿ ಉದ್ದಕ್ಕೆ, ಹಳದಿ ಕೆಂಪು ಬಣ್ಣದಲ್ಲಿ, 'ಕನ್ನಡ ರಾಜ್ಯೋತ್ಸವ' ಹೋಗಿ 'ಕನ್‌ನಡ ರಾಜ್‌ಯೋತ್‌ಸವ' ಆಗಿ ಕೂತಿತ್ತು. ಒತ್ತಕ್ಷರಗಳೆಲ್ಲ ಕೆಳಗಿಳಿಯದೆ ಸಾಲಿನಲ್ಲೇ ನಿಂತಿದ್ದವು. ಸಾಲದ್ದಕ್ಕೆ ಯಾರೋ 'ಬೋಲ್ಡ್' ಗುಂಡಿಯನ್ನೂ ಒತ್ತಿದ್ದರಿಂದ ಅಕ್ಷರಗಳ ಹೊಟ್ಟೆಯೊಳಗಿನ ಕಿಂಡಿಗಳು ಅರ್ಧ ಮುಚ್ಚಿಹೋಗಿ, ದೂರದಿಂದ ನೋಡಿದರೆ ಮೈಸೂರು ಪಾಕಿನ ತುಂಡುಗಳನ್ನು ಜೋಡಿಸಿಟ್ಟಂತೆ ಕಾಣುತ್ತಿತ್ತು.

ಅಂಗಡಿಯವರ ಮೇಲೆ ರೇಗಿ ಪ್ರಯೋಜನವಿರಲಿಲ್ಲ. ಅವರ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳಿಗೆ ಬೇಕಾದ ಸವಲತ್ತನ್ನು ಚಾಲೂ ಮಾಡಿರಲಿಲ್ಲ, ಅಷ್ಟೆ. ಪಠ್ಯದ ಬದಲು ಅಕ್ಷರಗಳನ್ನು ಚಿತ್ರವಾಗಿ ಪರಿವರ್ತಿಸಿ ಕಳಿಸಬೇಕಿತ್ತು, ಅದು ನನಗೆ ಗೊತ್ತಿರಬೇಕಿತ್ತು. ಆ ರಾತ್ರಿ ಮನೆಯಲ್ಲಿ ಕೂತು ಅದನ್ನು ಸರಿಪಡಿಸುವಾಗ ಇನ್ನೊಂದು ಸಂಗತಿ ಕಾಡತೊಡಗಿತು. ಬ್ಯಾನರಿಗೆ ತಕ್ಕ ಅಕ್ಷರಕ್ಕಾಗಿ ಹುಡುಕುತ್ತಿದ್ದೆ. ಪುಸ್ತಕದ ಒಳಪುಟದ ಅಕ್ಷರವಲ್ಲ, ದೂರದಿಂದ ಕರೆಯುವ ಅಕ್ಷರ. ಚಿಕ್ಕಂದಿನಲ್ಲಿ ಸಿನಿಮಾ ಪೋಸ್ಟರಿನಲ್ಲಿ, ಸೋಡಾ ಅಂಗಡಿಯ ಬೋರ್ಡಿನಲ್ಲಿ, ವಾರಪತ್ರಿಕೆಯ ಧಾರಾವಾಹಿಯ ತಲೆಬರಹದಲ್ಲಿ ಕಾಣುತ್ತಿದ್ದ ಆ ದಪ್ಪನೆಯ, ನೆರಳು ಬಿದ್ದ, ಬಾಲ ಬಳುಕಿಸುವ ಅಕ್ಷರಗಳು. ಅವು ಕಂಪ್ಯೂಟರಿನಲ್ಲಿ ಏಕೆ ಇಲ್ಲ? ಎಲ್ಲಿ ಹೋದವು?

ಉತ್ತರ ಹುಡುಕುತ್ತ ಹೋದವನಿಗೆ ಮೊದಲು ಸಿಕ್ಕಿದ್ದು ಕನ್ನಡಿಗನಲ್ಲ, ನಮ್ಮ ಊರಿನಿಂದ ಇಪ್ಪತ್ತು ಕಿಲೋಮೀಟರು ದೂರದ ವೆಲ್ಲಿಂಗ್ಟನ್ನಿನಲ್ಲಿ ಬಾಳಿ ಬದುಕಿದ ಒಬ್ಬ ಸಮೋವನ್. ಅವರ ಕತೆಯಿಂದಲೇ ಶುರು ಮಾಡುತ್ತೇನೆ.

ಅಕ್ಷರದ ಮನುಷ್ಯ

ಜೋಸೆಫ್ ಚರ್ಚ್‌ವರ್ಡ್ ಹುಟ್ಟಿದ್ದು 1930ರ ದಶಕದ ಆರಂಭದಲ್ಲಿ, ಸಮೋವಾದ ಆಪಿಯಾದಲ್ಲಿ. ಮೈಯಲ್ಲಿ ಸಮೋವನ್, ಇಂಗ್ಲಿಷ್, ಚೀನೀ, ಹೀಗೆ ಹಲವು ರಕ್ತ. 1946ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ನ್ಯೂಜಿಲೆಂಡಿಗೆ ಬಂದರು. ವೆಲ್ಲಿಂಗ್ಟನ್ ಟೆಕ್ನಿಕಲ್ ಕಾಲೇಜಿನಲ್ಲಿ ಚಿತ್ರಕಲೆ ಕಲಿತರು. ಜಾಹೀರಾತು ಸಂಸ್ಥೆಯಲ್ಲಿ ಕಲಾವಿದರಾಗಿ ದುಡಿದರು. ಅಲ್ಲಿ ಅವರ ಕೆಲಸ ಬರೆಯುವುದು, ಅಂದರೆ ಅಕ್ಷರ ಬರೆಯುವುದು. ದಿನಸಿಯ ದರಪಟ್ಟಿ, ಅಂಗಡಿಯ ಜಾಹೀರಾತು, ಪೊಟ್ಟಣದ ಹೆಸರು, ಎಲ್ಲವನ್ನೂ ಕೈಯಲ್ಲೇ ಬರೆಯುತ್ತಿದ್ದ ಕಾಲ ಅದು.

ಮುಂದೆ ಸ್ವಂತ ಉದ್ಯೋಗಕ್ಕಿಳಿದು 1969ರಲ್ಲಿ 'ಚರ್ಚ್‌ವರ್ಡ್ ಇಂಟರ್‌ನ್ಯಾಷನಲ್ ಟೈಪ್‌ಫೇಸಸ್' ಎಂಬ ಸಂಸ್ಥೆ ಕಟ್ಟಿದರು. ಅವರ ಅಕ್ಷರಗಳನ್ನು ಜರ್ಮನಿಯ ಬೆರ್ಟ್‌ಹೋಲ್ಡ್ ಕಂಪನಿ ಒಪ್ಪಿಕೊಂಡು ಜಗತ್ತಿಗೆ ಹಂಚಿತು. ಶಾಂತಸಾಗರದ ಒಂದು ದ್ವೀಪದ ಹುಡುಗ ಬರೆದ ಅಕ್ಷರಗಳು ಹೀಗೆ ಯೂರೋಪಿನ ಪೋಸ್ಟರುಗಳಿಗೆ ಹೊರಟವು. ಬದುಕಿನುದ್ದಕ್ಕೂ ಅವರು ರೂಪಿಸಿದ ಅಕ್ಷರ ಶೈಲಿಗಳು ಸುಮಾರು 690 ಎಂದು ಅಂದಾಜು. ಬಹುಪಾಲು ಶೀರ್ಷಿಕೆಗೆಂದೇ ಮಾಡಿದ ದೊಡ್ಡ ಅಕ್ಷರಗಳು. ಕೆಲವು ಹೊಟ್ಟೆ ಉಬ್ಬಿದ ದಪ್ಪಕ್ಷರ, ಕೆಲವು ನೆರಳು ಬಿದ್ದವು. 'ಡಿಸೈನ್ 5 ಲೈನ್ಸ್' ಎಂಬುದನ್ನು ಪಕ್ಕಪಕ್ಕದಲ್ಲಿ ಓಡುವ ಗೆರೆಗಳಿಂದಲೇ ಕಟ್ಟಿದ್ದಾರೆ, ನಮ್ಮ ರಂಗೋಲಿಯ ಎಳೆಗಳ ಹಾಗೆ. ಒಂದಕ್ಕೆ 'ಸಮೋವಾ' ಎಂದು ತಾಯ್ನೆಲದ ಹೆಸರು, ಒಂದಕ್ಕೆ 'ಮಾವೊರಿ' ಎಂದು ಬಂದು ಸೇರಿದ ನೆಲದ ಜನರ ಹೆಸರು, ಇನ್ನೊಂದಕ್ಕೆ 'ಮೇರಿಯಾನಾ' ಎಂದು ಮಗಳ ಹೆಸರು.

ಅವರ ಅಕ್ಷರಗಳಿಗೆ ದಾರಿ ತೆರೆದದ್ದು ಫೋಟೋ ಟೈಪ್‌ಸೆಟ್ಟಿಂಗ್. ಸೀಸದ ಮೊಳೆಯ ಕಾಲದಲ್ಲಿ ಹೊಸ ಅಕ್ಷರ ಶೈಲಿ ಎಂದರೆ ಪ್ರತಿ ಅಕ್ಷರವನ್ನೂ ಉಕ್ಕಿನಲ್ಲಿ ಕೆತ್ತಿ, ಅಚ್ಚು ಹೊಡೆದು, ಎರಕ ಹೊಯ್ಯಬೇಕು. ವರ್ಷಗಳ ಕೆಲಸ, ಸಾಹುಕಾರರ ಬಂಡವಾಳ. ಫೋಟೋ ವಿಧಾನದಲ್ಲಿ ಬೇಕಾದ್ದು ಕಪ್ಪು ಮಸಿಯಲ್ಲಿ ಬರೆದ ಹಾಳೆ. ಅದನ್ನು ಫಿಲ್ಮ್ ಮಾಡಿ, ಬೆಳಕು ಹಾಯಿಸಿ, ಒಂದೊಂದೇ ಅಕ್ಷರವನ್ನು ಕಾಗದದ ಮೇಲೆ ಮೂಡಿಸುತ್ತ ಹೋದರಾಯಿತು. ಅಕ್ಷರಗಳನ್ನು ಒತ್ತೊತ್ತಾಗಿ ಕೂರಿಸಬಹುದು, ಒಂದರ ಮೇಲೊಂದು ಹತ್ತಿಸಬಹುದು. 1960-70ರ ದಶಕಗಳ ಆ ಉಬ್ಬು ತಬ್ಬು ಅಕ್ಷರಗಳು, ಇಂದು ನಾವು 'ರೆಟ್ರೊ' ಎಂದು ಕರೆಯುವ ಸಂಭ್ರಮ, ಹುಟ್ಟಿದ್ದು ಈ ಸಸ್ತಾ ಸ್ವಾತಂತ್ರ್ಯದಿಂದ.

ಕಂಪ್ಯೂಟರ್ ಬಂದು ಆ ಸಂಭ್ರಮವನ್ನು ಮುಗಿಸಿತು. 1980ರ ದಶಕದ ಕೊನೆಯ ಹೊತ್ತಿಗೆ ಚರ್ಚ್‌ವರ್ಡರ ಉದ್ದಿಮೆ ಮುಚ್ಚಿತು. ಆದರೆ ಮನುಷ್ಯ ಬರೆಯುವುದನ್ನು ಬಿಡಲಿಲ್ಲ, ಹಾಳೆಗಳನ್ನೂ ಬಿಸಾಡಲಿಲ್ಲ. ಡೇವಿಡ್ ಬೆನ್ನೆವಿತ್ ಎಂಬ ಕಿರಿಯ ವಿನ್ಯಾಸಕಾರ ಅವರ ಬಗ್ಗೆ ಬರೆದ ಪುಸ್ತಕ 2009ರಲ್ಲಿ ಬಂತು. ಸುಮಾರು ಅದೇ ಹೊತ್ತಿಗೆ ವೆಲ್ಲಿಂಗ್ಟನ್ನಿನ ಟೆ ಪಾಪಾ ರಾಷ್ಟ್ರೀಯ ಸಂಗ್ರಹಾಲಯ ಅವರ ಅಕ್ಷರಗಳ ಪ್ರದರ್ಶನ ಏರ್ಪಡಿಸಿತು. ಮೂಲ ಹಾಳೆಗಳು ಅಲ್ಲಿನ ಸಂಗ್ರಹಕ್ಕೆ ಸೇರಿದವು. 2010ರಲ್ಲಿ ಸರ್ಕಾರಿ ಗೌರವದ ಪದಕ ಬಂತು. 2013ರ ಏಪ್ರಿಲಿನಲ್ಲಿ ಅವರು ತೀರಿಕೊಂಡರು. ಅವರ ಹಲವು ಅಕ್ಷರಗಳು ಇಂದು ಡಿಜಿಟಲ್ ರೂಪದಲ್ಲಿ ಕೊಳ್ಳಲು ಸಿಗುತ್ತವೆ.

ಪೊರಿರುವಾದಲ್ಲಿ ಇರುವ ನಮಗೆ ಸಮೋವನ್ನರು ಅಪರಿಚಿತರಲ್ಲ. ಕ್ಯಾನನ್ಸ್ ಕ್ರೀಕ್ ಕಡೆ ಹೋದರೆ ಚರ್ಚಿನ ಬೋರ್ಡುಗಳಲ್ಲಿ ಅವರ ಭಾಷೆ ಕಾಣುತ್ತದೆ, ಭಾನುವಾರ ಬೆಳಿಗ್ಗೆ ಅವರ ಹಾಡು ಕೇಳುತ್ತದೆ. ಅವರಲ್ಲೊಬ್ಬ ಅಕ್ಷರ ಬರೆದೇ ಜಗತ್ತಿಗೆ ಗೊತ್ತಾದ, ಅವನ ಹಾಳೆಗಳನ್ನು ದೇಶ ಜೋಪಾನ ಮಾಡಿತು ಎಂದು ತಿಳಿದಾಗ ನನಗೆ ಸಂತೋಷವೂ ಆಯಿತು, ಒಂದು ಬಗೆಯ ಸಂಕಟವೂ ಆಯಿತು. ಆ ಸಂಕಟ ಏಕೆಂದು ಹೇಳಲು ನಮ್ಮ ಅಕ್ಷರಗಳ ಕತೆಗೆ ಬರಬೇಕು.

ಕಲ್ಲು, ಗರಿ, ಸೀಸ

ದೊಡ್ಡದಾಗಿ, ಚಂದವಾಗಿ, ನಾಲ್ಕು ಜನ ನೋಡಲಿ ಎಂದು ಬರೆಯುವುದು ಕನ್ನಡಕ್ಕೆ ಹೊಸದೇನಲ್ಲ. ಶಾಸನ ಎಂಬುದೇ ಸಾರ್ವಜನಿಕ ಫಲಕ. ಹೊಯ್ಸಳರ ಕಾಲಕ್ಕೆ ಬರುವಷ್ಟರಲ್ಲಿ ಕಲ್ಲಿನ ಮೇಲಿನ ಕನ್ನಡ ಅಕ್ಷರಗಳಿಗೆ ಬಳುಕು, ಬಾಲ, ಸುರುಳಿಗಳೆಲ್ಲ ಬಂದಿದ್ದವು. ಕೆತ್ತುವವರಿಗೆ ತಮ್ಮ ಕೈಯ ಬಗ್ಗೆ ಅಭಿಮಾನವೂ ಇತ್ತು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮುಂತಾದ ರೂವಾರಿಗಳು ತಮ್ಮ ಶಿಲ್ಪಗಳ ಕೆಳಗೆ ಹೆಸರು ಕೆತ್ತಿ ಹೋಗಿದ್ದಾರೆ. ಒಂಬತ್ತು ನೂರು ವರ್ಷಗಳ ನಂತರವೂ ಆ ಕೈಗಳ ಹೆಸರು ನಮಗೆ ಗೊತ್ತು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆದರೆ ದಿನನಿತ್ಯದ ಬರಹ ನಡೆದದ್ದು ತಾಳೆಗರಿಯ ಮೇಲೆ, ಕಂಠದ ಮೊನೆಯಿಂದ. ಉದ್ದಕ್ಕೆ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಆದ್ದರಿಂದ ಅಕ್ಷರಗಳು ಗುಂಡಗಾದವು ಎಂಬುದು ಸಾಮಾನ್ಯವಾಗಿ ಕೊಡುವ ವಿವರಣೆ. ಅದಕ್ಕಿಂತ ನನಗೆ ಮುಖ್ಯವೆನಿಸುವುದು ಇನ್ನೊಂದು: ಕಂಠದಿಂದ ಗೀಚಿದ ಗೆರೆ ಎಲ್ಲ ಕಡೆಯೂ ಒಂದೇ ಸಣ್ಣ. ಯೂರೋಪಿನ ಚಪ್ಪಟೆ ಬಾಯಿಯ ಲೇಖನಿಯಲ್ಲಿ ದಪ್ಪ ಸಣ್ಣ ತಾನಾಗಿ ಮೂಡುತ್ತಿತ್ತು. ನಮಗೆ ಆ ಅಭ್ಯಾಸ ಗರಿಯಿಂದ ಬರಲಿಲ್ಲ. 'ಕ' ಎಂಬ ಅಕ್ಷರ ದಪ್ಪವಾಗಬೇಕಾದರೆ ಎಲ್ಲಿ ದಪ್ಪವಾಗಬೇಕು, ಎಲ್ಲಿ ಸಣ್ಣಗೆ ಉಳಿಯಬೇಕು ಎಂಬುದನ್ನು ಯಾರಾದರೂ ಕೂತು ತೀರ್ಮಾನಿಸಬೇಕಿತ್ತು.

ಮೊದಲು ತೀರ್ಮಾನಿಸಿದವರು ಮೊಳೆ ಕೆತ್ತಿದವರು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸೆರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಆ ಹೊತ್ತಿನಲ್ಲಿ ಲಂಡನ್ನಿನಲ್ಲಿ ಏನು ನಡೆಯುತ್ತಿತ್ತು ನೋಡಿ. ಹತ್ತೊಂಬತ್ತನೇ ಶತಮಾನದ ಮೊದಲ ದಶಕದಲ್ಲೇ ರಾಬರ್ಟ್ ಥಾರ್ನ್ ಮುಂತಾದ ಎರಕದವರು ಹಿಂದೆಂದೂ ಕಾಣದಷ್ಟು ದಪ್ಪನೆಯ ಮೊಳೆಗಳನ್ನು ಮಾರುಕಟ್ಟೆಗೆ ಬಿಟ್ಟಿದ್ದರು. ಲಾಟರಿ, ನಾಟಕ, ಸರ್ಕಸ್ಸು, ಔಷಧಿಗಳ ಭಿತ್ತಿಪತ್ರಗಳು ಗೋಡೆಗಳನ್ನು ತುಂಬಿದ್ದವು. 1827ರಲ್ಲಿ ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಅಕ್ಷರಗಳನ್ನು ಯಂತ್ರದಿಂದ ಕೊರೆಯುವ ದಾರಿ ಕಂಡುಹಿಡಿದ ಮೇಲೆ ಗೇಣುದ್ದದ ಅಕ್ಷರಗಳೂ ಅಗ್ಗವಾದವು.

ಅಂದರೆ, ಇಂಗ್ಲಿಷಿಗೆ ಕೂಗುವ ಅಕ್ಷರ ಬಂದ ಕಾಲದಲ್ಲೇ ಕನ್ನಡಕ್ಕೆ ಮಾತಾಡುವ ಅಕ್ಷರ ಬಂತು. ಕನ್ನಡ ಸೀಸಕ್ಕೆ ಇಳಿದದ್ದು ವ್ಯಾಕರಣ, ನಿಘಂಟು, ಬೈಬಲ್ಲುಗಳಿಗಾಗಿ. 1824ರಿಂದಾಚೆಗೆ ವಿಲಿಯಂ ರೀವ್ ನಿಘಂಟುಗಳು ಬಂದವು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಮುದ್ರಣಾಲಯ ತೆರೆದು, ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿದರು. ಅದು ಕಲ್ಲಚ್ಚಿನಲ್ಲಿ ಬಂತು. ಕಲ್ಲಚ್ಚಿನಲ್ಲಿ ಕೈಯಲ್ಲಿ ಬರೆದದ್ದೇ ಅಚ್ಚಾಗುತ್ತದೆ. ಹಾಗಾಗಿ ಮೊದಲ ಕನ್ನಡ ಪತ್ರಿಕೆ ನಮ್ಮ ಮುಂದಿಡುವುದು ಮೊಳೆಯ ಮುಖವನ್ನಲ್ಲ, ಯಾರದೋ ಕೈಯನ್ನು.

ಮೊಳೆ ಬಂದ ಮೇಲೂ ದೊಡ್ಡಕ್ಷರದ ಬಡತನ ಹೋಗಲಿಲ್ಲ. ಕಾರಣ ಲೆಕ್ಕದಲ್ಲಿದೆ. ನಮ್ಮಲ್ಲಿ 34 ವ್ಯಂಜನ, ಒಂದೊಂದಕ್ಕೂ ಒಂದು ಡಜನ್ನಿಗೂ ಮೇಲ್ಪಟ್ಟು ಕಾಗುಣಿತ. ಅಲ್ಲಿಗೇ ನಾನೂರು ದಾಟಿತು. ಮೇಲೆ ಸ್ವರ, ಒತ್ತು, ಅಂಕಿ. ತುಂಡು ತುಂಡಾಗಿ ಎರಕ ಹೊಯ್ದು ಜೋಡಿಸಿದರೂ ಮೊಳೆಯ ಪೆಟ್ಟಿಗೆ ಇಂಗ್ಲಿಷಿನದಕ್ಕಿಂತ ಎಷ್ಟೋ ಪಾಲು ದೊಡ್ಡದು. ಒಳಪುಟದ ಅಳತೆಗೇ ಈ ಪಾಡಾದರೆ, ಶೀರ್ಷಿಕೆಯ ದಪ್ಪ ಮೊಳೆಗಳನ್ನು ಹತ್ತಾರು ಶೈಲಿಗಳಲ್ಲಿ ಕೊಳ್ಳುವ ಶಕ್ತಿ ಯಾವ ಜಿಲ್ಲೆಯ ಪ್ರೆಸ್ಸಿಗೆ ಇದ್ದೀತು? ಮದುವೆಯ ಕರೆಯೋಲೆಗೂ, ನಾಟಕದ ಹ್ಯಾಂಡ್‌ಬಿಲ್ಲಿಗೂ, ವೈಕುಂಠ ಸಮಾರಾಧನೆಗೂ ಅದೇ ಒಂದೆರಡು ದಪ್ಪ ಮೊಳೆ.

ಏಳು ಅಕ್ಷರ ಸಾಕು

ಬಡತನ ಇದ್ದಲ್ಲಿ ಉಪಾಯವೂ ಇರುತ್ತದೆ. ಮೊಳೆ ಇಲ್ಲವೇ? ಕಲಾವಿದನ ಕೈಯಲ್ಲಿ ಬರೆಸಿ, ಜಿಂಕ್ ತಗಡಿನಲ್ಲಿ ಬ್ಲಾಕ್ ಮಾಡಿಸು. ನಮ್ಮ ಶೀರ್ಷಿಕೆಗಳಿಗೆ ದಪ್ಪ ಮೊಳೆ ಸಿಗದೆ ಹೋದದ್ದೇ ಕನ್ನಡದ ಕೈಬರಹದ ಶೀರ್ಷಿಕೆಗಳ ಸುಗ್ಗಿಗೆ ಕಾರಣವಾಯಿತು ಎಂಬುದು ನನ್ನ ತಿಳಿವಳಿಕೆ.

ಈ ಸುಗ್ಗಿ ಬಂದದ್ದು ಮುಖ್ಯವಾಗಿ ಎರಡು ಕಡೆ. ಒಂದು ಸಿನಿಮಾ. 1934ರಲ್ಲಿ 'ಸತಿ ಸುಲೋಚನಾ' ತೆರೆಕಂಡಲ್ಲಿಂದ ಕನ್ನಡ ಟಾಕಿ ಶುರು. ಪೇಟೆಯ ಗೋಡೆಗಳ ಮೇಲೆ ಕನ್ನಡ ಮೊದಲ ಬಾರಿಗೆ ಜೋರಾಗಿ ಕೂಗಬೇಕಾಗಿ ಬಂತು. 1972ರ 'ಬಂಗಾರದ ಮನುಷ್ಯ' ಎಂಬ ಹೆಸರನ್ನೇ ತೆಗೆದುಕೊಳ್ಳಿ. ಎಣಿಸಿದರೆ ಏಳು ಅಕ್ಷರ. ಬರೆಯುವವನಿಗೆ ನಾನೂರು ಅಕ್ಷರಗಳ ಚಿಂತೆಯಿಲ್ಲ, ಈ ಏಳು ಚೆನ್ನಾಗಿ ಬಂದರೆ ಸಾಕು. 'ಷ್ಯ'ದ ಒತ್ತನ್ನು ಹಿಂದಕ್ಕೆ ಎಳೆದು ಇಡೀ ಹೆಸರಿನ ಕೆಳಗೆ ಗೆರೆಯ ಹಾಗೆ ಹರಿಸಬಹುದು. ಸೊನ್ನೆಯನ್ನು ಚಿನ್ನದ ನಾಣ್ಯ ಮಾಡಬಹುದು. ಪೌರಾಣಿಕ ಚಿತ್ರವಾದರೆ ಕಲ್ಲಿನಲ್ಲಿ ಕೆತ್ತಿದಂಥ ಅಕ್ಷರ, ಪತ್ತೇದಾರಿಯಾದರೆ ರಕ್ತ ತೊಟ್ಟಿಕ್ಕುವ ಅಕ್ಷರ, ಕಾಲೇಜು ಪ್ರೇಮಕತೆಯಾದರೆ ಚರ್ಚ್‌ವರ್ಡರ ಅಕ್ಷರಗಳ ಹಾಗೆಯೇ ಉಬ್ಬಿದ ಗುಂಡು ಅಕ್ಷರ. ಗಾಂಧಿನಗರದ ಕಚೇರಿಗಳಿಂದ ಹೊರಟ ಈ ಅಕ್ಷರಗಳು ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಮುಂದೆ ಆಳೆತ್ತರ ಬೆಳೆದು, ಹಳ್ಳಿಯ ಟೆಂಟಿನವರೆಗೂ ಹೋಗುತ್ತಿದ್ದವು. ಅಲ್ಲಿನ ಕಪಾಲಿ ಚಿತ್ರಮಂದಿರವೇ ಈಗ ಇಲ್ಲ, ಅಕ್ಷರದ ಮಾತೇನು!

ಇನ್ನೊಂದು, ವಾರಪತ್ರಿಕೆ, ಮಾಸಪತ್ರಿಕೆ. 1965ರಲ್ಲಿ 'ಸುಧಾ', 1968ರಲ್ಲಿ 'ಮಯೂರ' ಮಾಸಿಕ, 1983ರಲ್ಲಿ 'ತರಂಗ' ಬಂದವು. ನಮ್ಮ ಅಮ್ಮಂದಿರು ಅಕ್ಕಂದಿರು ಗುರುವಾರ ಯಾವಾಗ ಬಂದೀತು ಎಂದು ಕಾದ ಧಾರಾವಾಹಿಗಳಿಗೆಲ್ಲ ಒಂದೊಂದು ಕೈಬರಹದ ತಲೆಬರಹ ಇರುತ್ತಿತ್ತು. ಓದಲು ಬಾರದ ಮಗು ಕೂಡ ಅಕ್ಷರದ ಆಕಾರ ನೋಡಿಯೇ 'ಅಮ್ಮಾ, ನಿನ್ನ ಕತೆ ಬಂತು' ಎನ್ನಬಹುದಿತ್ತು. ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್ ಅವರಂಥ ಚಿತ್ರಕಲಾವಿದರು ಪತ್ರಿಕೆಯ ಪುಟಗಳಲ್ಲಿ, ಪುಸ್ತಕದ ಮುಖಪುಟಗಳಲ್ಲಿ ಮಾಡಿದ ಕೆಲಸವನ್ನು ನಾವು ಚಿತ್ರವೆಂದು ನೋಡಿದೆವು. ಚಿತ್ರದ ಪಕ್ಕದ ಅಕ್ಷರವೂ ಕೆಲಸವೇ ಎಂದು ಎಷ್ಟು ಜನ ಗಮನಿಸಿದೆವು?

ಇವೆರಡಕ್ಕಿಂತ ಹೆಚ್ಚು ಜನರನ್ನು ಮುಟ್ಟಿದವನು ಊರೂರಿನ ಬೋರ್ಡ್ ಪೇಂಟರ್. ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ, ಎರಡು ಕಡೆ ಹಿಡಿದು, ನಡುವೆ ಎಳೆದು ಬಿಟ್ಟರೆ ತಗಡಿನ ಮೇಲೆ ನೇರ ಗೆರೆ. ಆ ಗೆರೆಗೆ ತಲೆಕಟ್ಟು ತಾಗುವಂತೆ ಅಕ್ಷರಗಳ ಅಂದಾಜು. ಆಮೇಲೆ ಚಪ್ಪಟೆ ಕುಂಚ, ಎನಾಮಲ್ ಬಣ್ಣ. ಕೊನೆಗೆ ಕೆಳಗೆ ಬಲಕ್ಕೆ ಕಪ್ಪು ನೆರಳು, ಒಳಗೆ ಒಂದು ಬಿಳಿ ಮಿಂಚು. ಈ ನೆರಳು ಬರೀ ಶೋಕಿಯಲ್ಲ. ಬಣ್ಣ ಮಾಸಿದರೂ ಅಕ್ಷರದ ಅಂಚು ನಿಲ್ಲಲಿ ಎಂಬ ಜಾಣತನವೂ ಅದರಲ್ಲಿತ್ತು.

ಇವರೆಲ್ಲ ನಾನು ಆರಂಭದಲ್ಲಿ ಹೇಳಿದ 'ಮೈಸೂರು ಪಾಕಿನ' ಸಮಸ್ಯೆಯನ್ನು ಪ್ರತಿದಿನ ಬಿಡಿಸುತ್ತಿದ್ದರು. ಕನ್ನಡ ಅಕ್ಷರವನ್ನು ದಪ್ಪ ಮಾಡುವುದು ಸುಲಭವಲ್ಲ. ಒಳಕ್ಕೆ ದಪ್ಪ ಮಾಡಿದರೆ ಕಿಂಡಿ ಮುಚ್ಚುತ್ತದೆ. ಹೊರಕ್ಕೆ ಮಾಡಿದರೆ ಪಕ್ಕದ ಅಕ್ಷರಕ್ಕೆ ಗುದ್ದುತ್ತದೆ. ಮೇಲೆ ಗುಡಿಸು, ಕೆಳಗೆ ಒತ್ತು ಇರುವುದರಿಂದ ಒಂದು ಸಾಲಿಗೆ ಇಂಗ್ಲಿಷಿಗಿಂತ ಹೆಚ್ಚು ಎತ್ತರ ಬೇಕು. 'ಸ್ತ್ರೀ' ಎಂದು ಬರೆಯಬೇಕಾಗಿ ಬಂದರಂತೂ ಎರಡು ಒತ್ತುಗಳ ಸಂಸಾರ. ಕಂಪ್ಯೂಟರಿನ 'ಬೋಲ್ಡ್' ಗುಂಡಿ, ನಿಜವಾದ ದಪ್ಪಕ್ಷರ ಇಲ್ಲದ ಫಾಂಟಿನಲ್ಲಿ, ಗೆರೆಯನ್ನು ಎಲ್ಲ ದಿಕ್ಕಿಗೂ ಸಮನಾಗಿ ಉಬ್ಬಿಸುತ್ತದೆ. ಅದಕ್ಕೆ ಕಿಂಡಿ ಯಾವುದು, ಬಯಲು ಯಾವುದು ತಿಳಿಯದು. ಪೇಂಟರ್ ಹಾಗೆ ಮಾಡುತ್ತಿರಲಿಲ್ಲ. ಕಿಂಡಿಯನ್ನು ಕಣ್ಣೀರ ಹನಿಯಷ್ಟು ಉಳಿಸಿಕೊಂಡು, ಹೊಟ್ಟೆಯನ್ನು ದಪ್ಪ ಮಾಡಿ, ಸೇರುವ ಕಡೆ ಕುಂಚ ತಿರುಗಿಸಿ ಸಣ್ಣ ಮಾಡುತ್ತಿದ್ದ. ತಾಳೆಗರಿ ಕೊಡದ ಉತ್ತರವನ್ನು ಕುಂಚ ಕೊಟ್ಟಿತ್ತು.

ಪೆಟ್ಟಿಗೆಯೊಳಗಿನ ಕನ್ನಡ

ಆ ಉತ್ತರ ಕಂಪ್ಯೂಟರಿಗೆ ಏಕೆ ಬರಲಿಲ್ಲ? ನಮ್ಮ ಕಸುಬಿನವರ ಪರವಾಗಿ ಒಂದಿಷ್ಟು ಹೇಳಬೇಕು. ಕೆ.ಪಿ. ರಾವ್ ಅವರು 'ಸೇಡಿಯಾಪು' ತಂತ್ರಾಂಶವನ್ನು ಉಚಿತವಾಗಿ ಹಂಚಿದ್ದು, ಅವರ ಕೀಲಿಮಣೆಯ ಜೋಡಣೆಯೇ ಮುಂದೆ ನಮ್ಮೆಲ್ಲರ ಬೆರಳಿಗೆ ಕೂತದ್ದು, 1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿವಾಸು 'ಬರಹ' ಕೊಟ್ಟದ್ದು, ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದದ್ದು, ಇವಿಲ್ಲದಿದ್ದರೆ ಹೊರನಾಡಿನಲ್ಲಿ ಇಂಥ ಇ-ಪತ್ರಿಕೆಗಳೇ ಇರುತ್ತಿರಲಿಲ್ಲ. ಆದರೆ ಆ ಕಾಲದ ಫಾಂಟಿನಲ್ಲಿ ಇದ್ದದ್ದು ಹೆಚ್ಚೆಂದರೆ 256 ಮನೆ, ಅದರಲ್ಲೂ ಕೆಲವು ಬಳಕೆಗೆ ಸಿಗದವು. ನಾನೂರು ಅಕ್ಷರಗಳ ಸಂಸಾರವನ್ನು ಆ ಇಕ್ಕಟ್ಟಿನಲ್ಲಿ ಹೂಡಬೇಕಾದರೆ ಮತ್ತೆ ಮೊಳೆ ಜೋಡಿಸುವವನ ಉಪಾಯವೇ ಗತಿ: ತಲೆಕಟ್ಟು ಬೇರೆ, ಕೊಂಬು ಬೇರೆ, ಒತ್ತು ಬೇರೆ. ಎಲ್ಲ ಅಕ್ಷರಕ್ಕೂ ಅದೇ ಒತ್ತು, ಅದೇ ಜಾಗ. ಒತ್ತನ್ನು ಎಳೆದು ಗೆರೆ ಹರಿಸುವ ಆಟಕ್ಕೆ ಅಲ್ಲಿ ಎಡೆಯಿರಲಿಲ್ಲ.

2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟ್ ಬಂತು. ಅದರ ಹಿಂದೆ ಇದ್ದವರು ಮುಂಬಯಿಯ ಹೆಸರಾಂತ ಅಕ್ಷರ ಕಲಾವಿದ ಆರ್.ಕೆ. ಜೋಶಿ. ಯುನಿಕೋಡ್ ಮತ್ತು ಓಪನ್‌ಟೈಪ್ ಬಂದ ಮೇಲೆ ಮನೆಗಳ ಕೊರತೆ ಹೋಯಿತು. ಒಂದು ಒತ್ತಿಗೆ ಹತ್ತು ರೂಪ ಬೇಕಿದ್ದರೂ ಇಟ್ಟುಕೊಳ್ಳಬಹುದು, ಯಾವಾಗ ಯಾವುದು ಬರಬೇಕೆಂದು ಫಾಂಟಿನೊಳಗೇ ನಿಯಮ ಬರೆಯಬಹುದು. ಬಾಗಿಲು ತೆರೆದಿತ್ತು. ಒಳಗೆ ಬರಬೇಕಾದ ಪೇಂಟರುಗಳು ಅಷ್ಟರಲ್ಲಿ ಕಸುಬು ಬಿಟ್ಟಿದ್ದರು. ಫ್ಲೆಕ್ಸ್ ಮುದ್ರಣ ಬಂದು ಕೆಲವೇ ವರ್ಷಗಳಲ್ಲಿ ಕುಂಚದ ಕೆಲಸವನ್ನು ನುಂಗಿ ಹಾಕಿತ್ತು.

ಇತ್ತೀಚಿನ ವರ್ಷಗಳಲ್ಲಿ ಕತೆ ಸ್ವಲ್ಪ ತಿರುಗಿದೆ. ಮುಂಬಯಿಯ ಏಕ್ ಟೈಪ್ ಬಳಗದವರು 2016ರ ಸುಮಾರಿಗೆ 'ಬಲೂ' ಎಂಬ ದಪ್ಪನೆಯ ಮುದ್ದು ಅಕ್ಷರವನ್ನು ಭಾರತದ ಹಲವು ಲಿಪಿಗಳಲ್ಲಿ ಉಚಿತವಾಗಿ ಬಿಟ್ಟರು. ಪ್ರತಿ ಭಾಷೆಗೂ ಒಂದೊಂದು ಅಣ್ಣತಮ್ಮನ ಹೆಸರು: ಬಂಗಾಳಿಗೆ 'ಬಲೂ ದಾ', ಮಲಯಾಳಕ್ಕೆ 'ಬಲೂ ಚೇಟ್ಟನ್', ನಮಗೆ 'ಬಲೂ ತಮ್ಮ'. ನಾನು ಬ್ಯಾನರನ್ನು ಕೊನೆಗೆ ಮಾಡಿಸಿದ್ದು ಈ ತಮ್ಮನಿಂದಲೇ. ಕಿಂಡಿಗಳೆಲ್ಲ ತೆರೆದೇ ಇದ್ದವು. ವೈಷ್ಣವಿ ಮೂರ್ತಿ ಮತ್ತು ಸ್ಪೇನಿನ ಹ್ವಾನ್ ಲೂಯಿಸ್ ಬ್ಲಾಂಕೊ ಸೇರಿ ಮಾಡಿದ 'ಅಕಾಯ ಕನಡಕ' ಎಂಬ ಶೀರ್ಷಿಕೆಯ ಫಾಂಟ್ ಕೂಡ ಉಚಿತವಾಗಿ ಸಿಗುತ್ತದೆ. ಅದನ್ನು ನೋಡಿದಾಗ ನನಗೆ ಹಳೆಯ ಪುಸ್ತಕದ ಮುಖಪುಟಗಳೂ ಪೋಸ್ಟರುಗಳೂ ಕಣ್ಣ ಮುಂದೆ ಬಂದವು. ನಾನೂರು ಅಕ್ಷರಗಳಲ್ಲಿ ಒಂದೇ ಕೈಯ ಗುಣ ಉಳಿಸುವುದು ಎಷ್ಟು ಕಷ್ಟವೆಂದು ಈಗ ಅರ್ಥವಾಗಿರುವುದರಿಂದ ಇವರಿಗೆಲ್ಲ ಮನಸ್ಸಿನಲ್ಲೇ ಕೈ ಮುಗಿದೆ.

ಕೆಲಸವಂತೂ ಬೇಕಾದಷ್ಟಿದೆ. 2024ರಲ್ಲಿ ಕರ್ನಾಟಕ ಸರ್ಕಾರ ಕಾನೂನು ತಿದ್ದಿ, ಅಂಗಡಿ ಮುಂಗಟ್ಟುಗಳ ಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂದು ಮಾಡಿತು. ಕನ್ನಡ ಎಷ್ಟಿರಬೇಕು ಎಂದು ಕಾನೂನು ಹೇಳಬಲ್ಲದು, ಹೇಗಿರಬೇಕು ಎಂದು ಹೇಳಲಾರದು. ಇಂಗ್ಲಿಷ್ ಹೆಸರಿಗೆ ಲಕ್ಷಗಟ್ಟಲೆ ಕೊಟ್ಟು ಲಾಂಛನ ಬರೆಸಿದವರು ಕೆಳಗಿನ ಕನ್ನಡಕ್ಕೆ ಕಂಪ್ಯೂಟರಿನಲ್ಲಿ ಮೊದಲು ಸಿಕ್ಕಿದ ಅಕ್ಷರ ಹಾಕಿ, ಎಳೆದು ಹಿಗ್ಗಿಸಿ, ಲೆಕ್ಕ ಸರಿಮಾಡುತ್ತಾರೆ.

ಟ್ರಂಕು

ಈಗ ಆ ಸಂಕಟದ ಮಾತು. ಚರ್ಚ್‌ವರ್ಡರ ಕೈ ಉಳಿದದ್ದು ಅವರ ಪ್ರತಿಭೆಯಿಂದ ಮಾತ್ರವಲ್ಲ, ಹಾಳೆಗಳು ಉಳಿದದ್ದರಿಂದ. ಅವರು ಬಿಸಾಡಲಿಲ್ಲ, ಒಬ್ಬ ತರುಣ ಬಂದು ಕೇಳಿದ, ಒಂದು ಸಂಗ್ರಹಾಲಯ ಬಾಗಿಲು ತೆರೆಯಿತು. ನಮ್ಮ ಕೈಗಳ ಗತಿ ಬೇರೆ. ಸಿನಿಮಾ ಬದಲಾದ ಶುಕ್ರವಾರ ಹಳೆಯ ಬ್ಯಾನರಿನ ಮೇಲೆ ಹೊಸ ಬಣ್ಣ. ಬ್ಲಾಕುಗಳನ್ನು ಗುಜರಿಗೆ ಹಾಕಿದ್ದಾಯಿತು. ವಾರಪತ್ರಿಕೆಗಳು ತೂಕಕ್ಕೆ ಹೋದವು, ಕಡ್ಲೆಕಾಯಿಯ ಪೊಟ್ಟಣವಾದವು. ಹನ್ನೆರಡನೇ ಶತಮಾನದ ದಾಸೋಜನ ಹೆಸರು ಗೊತ್ತಿರುವ ನಮಗೆ, ನಾವೇ ಕಣ್ಣಾರೆ ಕಂಡ ಪೋಸ್ಟರಿನ ಅಕ್ಷರ ಬರೆದವನ ಹೆಸರು ಗೊತ್ತಿಲ್ಲ.

ಬ್ಯಾನರಿನ ಗಲಾಟೆಯೆಲ್ಲ ಮುಗಿದ ಮೇಲೆ ಒಂದು ದಿನ ಗ್ಯಾರೇಜಿನಲ್ಲಿ ಅಪ್ಪನ ಟ್ರಂಕು ಕಣ್ಣಿಗೆ ಬಿತ್ತು. ದಾವಣಗೆರೆಯಲ್ಲಿ ಹಾಸ್ಟೆಲಿಗೆ ಸೇರುವಾಗ ಕೊಂಡದ್ದಂತೆ. ನಾವು ಇಲ್ಲಿಗೆ ಬರುವಾಗ ಹಡಗಿನ ಸಾಮಾನಿನ ಜೊತೆ ಬಂತು. ಈಗ ಅದರಲ್ಲಿ ಮಕ್ಕಳ ಹಳೆಯ ಬೂಟುಗಳಿವೆ. ಮುಚ್ಚಳದ ಮೇಲೆ ಅಪ್ಪನ ಹೆಸರು, ಹಳದಿ ಅಕ್ಷರ, ಕೆಂಪು ನೆರಳು. ಇಷ್ಟು ವರ್ಷ ಅದರ ಮೇಲೆ ಕೂತು ಬೂಟಿನ ದಾರ ಕಟ್ಟಿದ್ದೇನೆ, ಒಮ್ಮೆಯೂ ಓದಿರಲಿಲ್ಲ. ಅಂದು ಬಗ್ಗಿ ನೋಡಿದೆ. ಕೊನೆಯ 'ಪ್ಪ'ದ ಒತ್ತನ್ನು ಆತ ಒಂದು ಎಳೆ ಹೆಚ್ಚಾಗಿ ಹಿಂದಕ್ಕೆ ಎಳೆದು, ಹೆಸರಿನ ಕೆಳಗೆ ಸಣ್ಣ ಗೆರೆಯಾಗಿ ಹರಿಸಿದ್ದಾನೆ. ಕಿಂಡಿಗಳು ಎಲ್ಲವೂ ತೆರೆದಿವೆ. ಹಾಸ್ಟೆಲ್ ಹುಡುಗನ ತಗಡಿನ ಪೆಟ್ಟಿಗೆಗೆ ಅಷ್ಟು ಮುತುವರ್ಜಿ ಯಾರೂ ಕೇಳಿರಲಾರರು.

ಅಪ್ಪನಿಗೆ ಫೋನ್ ಮಾಡಿ, 'ಟ್ರಂಕಿನ ಮೇಲೆ ಹೆಸರು ಬರೆದವರು ಯಾರಪ್ಪಾ?' ಎಂದೆ. 'ಬಸ್ ಸ್ಟ್ಯಾಂಡ್ ಹತ್ರ ಕೂರ್ತಿದ್ದ ಕಣೋ ಒಬ್ಬ ಪೇಂಟರ್. ಹೆಸರು... ಏನೋ ಇತ್ತು ನೋಡು' ಎಂದರು. ಅರ್ಧ ಗಂಟೆ ಬಿಟ್ಟು ಅವರೇ ಮತ್ತೆ ಫೋನ್ ಮಾಡಿದರು, 'ಇಲ್ಲಪ್ಪ, ನೆನಪಾಗ್ತಿಲ್ಲ' ಎನ್ನಲು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ನಿಮ್ಮ ಮನೆಗಳಲ್ಲಿ ಹಳೆಯ ಟ್ರಂಕು, ಸ್ಟೀಲಿನ ಡಬ್ಬದ ಮೇಲಿನ ಬರಹ, ಹಳೆಯ 'ಸುಧಾ'ದಿಂದ ಹರಿದು ಬೈಂಡ್ ಮಾಡಿಸಿಟ್ಟ ಧಾರಾವಾಹಿ, ಅಜ್ಜನ ಅಂಗಡಿಯ ಮುಂದೆ ನಿಂತು ತೆಗೆಸಿದ ಫೋಟೋ ಇದ್ದೇ ಇರುತ್ತವೆ. ಊರಿಗೆ ಹೋದಾಗ ಇನ್ನೂ ಅಳಿಸದ ಬೋರ್ಡುಗಳೂ ಕಾಣುತ್ತವೆ. ಅಕ್ಷರ ನೇರಕ್ಕೆ ಬರುವಂತೆ ಒಂದು ಫೋಟೋ ತೆಗೆದು, ಊರು ಮತ್ತು ಅಂದಾಜು ವರ್ಷ ಬರೆದು ನಮ್ಮ ಬಳಗಕ್ಕೆ ಕಳಿಸಿ. ಬರೆದವರ ಹೆಸರು ಗೊತ್ತಿದ್ದರೆ ಅದನ್ನು ಮೊದಲು ಬರೆಯಿರಿ. ಫಾಂಟ್ ಆಗುತ್ತದೋ ಬಿಡುತ್ತದೋ, ಜೋಡಿಸಿಡುವ ಕೆಲಸ ನನ್ನದು. ಕಂಪ್ಯೂಟರಿನವನಲ್ಲವೇ!

ಟ್ರಂಕಿನಿಂದ ಬೂಟುಗಳನ್ನು ತೆಗೆಸಿದ್ದೇನೆ. ಸದ್ಯಕ್ಕೆ ಅದು ಪಡಸಾಲೆಯಲ್ಲಿದೆ, ಮುಚ್ಚಳ ಗೋಡೆಯ ಕಡೆಗಲ್ಲ, ಬಾಗಿಲ ಕಡೆಗೆ.